ಬಂದೂಕಿನ ಗುರಿಗೆ ಮಸಿ ಹಿಡಿದ ಚರಿತ್ರೆ

ಮುಖಕ್ಕೆ ಮಸಿ ಬಳಿಯುವುದೆಂದರೆ ಕನ್ನಡ ನಾಡಿನ ಮಾತಿನಲ್ಲಿ ಅವಮಾನದ ಪರಮಾವಧಿ. ಹೊಳೆಯುವುದು ಉತ್ತಮವೆಂದೂ ಕಪ್ಪಾದುದು ಅಧಮವೆಂದೂ ಲೋಕವು ಬಹುಕಾಲದಿಂದ ಭಾವಿಸಿಕೊಂಡು ಬಂದಿದೆ. ಆಯುಧಗಳ ವಿಷಯದಲ್ಲಂತೂ ಈ ಭಾವನೆಯು ಇನ್ನಷ್ಟು ಬಲವಾಗಿದ್ದಿತು. ಮಿಂಚಿನಂತೆ ಥಳಥಳಿಸುವ ಖಡ್ಗ, ಬಿಸಿಲನ್ನು ಎದುರಿಸಿ ಪ್ರಜ್ವಲಿಸುವ ಕವಚ, ಹೊನ್ನಿನ ಬೆನ್ನುಳ್ಳ ಬಿಲ್ಲು ಇವುಗಳಿಲ್ಲದೆ ಪೂರ್ವಕವಿಗಳ ಯುದ್ಧವರ್ಣನೆಯೇ ಸಾಗದು. ಇಂತಹ ಲೋಕದಲ್ಲಿ, ಬೆಲೆಬಾಳುವ ಬಂದೂಕಿನ ತುದಿಗೆ ದೀಪದ ಹೊಗೆಯನ್ನು ಹಿಡಿದು, ಅದನ್ನು ಬೇಕೆಂದೇ ಕಪ್ಪುಮಾಡುವ ಪದ್ಧತಿಯು ಹುಟ್ಟಿದುದು ಹೇಗೆ? ಹೊಳಪನ್ನು ಪೂಜಿಸುತ್ತಿದ್ದ ಸೈನ್ಯಗಳು ಮಸಿಯನ್ನು ಮೆಚ್ಚಿಕೊಳ್ಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ವಿಳಂಬಕ್ಕೆ ಅನೇಕರು ಪ್ರಾಣವನ್ನೇ ತೆತ್ತರು. ಆದುದರಿಂದ ಈ ಚರಿತ್ರೆಯು ಅಲ್ಪವಾದುದರದಾಗಿ ಕಂಡರೂ ವಿಚಾರಕ್ಕೆ ಯೋಗ್ಯವಾದುದು.

ಮೊದಲು ಹೊಳಪಿನ ಪಕ್ಷವನ್ನು ನ್ಯಾಯವಾಗಿ ನೋಡಬೇಕು. ರೋಮನರ ಯುದ್ಧಶಾಸ್ತ್ರವನ್ನು ಸಂಗ್ರಹಿಸಿ ಬರೆದ ವೆಜಿಟಿಯಸ್ ಎಂಬ ಗ್ರಂಥಕಾರನು, ಆಯುಧಗಳ ಕಾಂತಿಯೇ ಶತ್ರುಗಳಲ್ಲಿ ಭೀತಿಯನ್ನು ಹುಟ್ಟಿಸತಕ್ಕದ್ದೆಂದೂ, ಮಂಕಾಗಿ ತುಕ್ಕುಹಿಡಿದ ಆಯುಧವುಳ್ಳವನು ಯುದ್ಧೋತ್ಸಾಹವುಳ್ಳವನೆಂದು ಯಾರೂ ನಂಬರೆಂದೂ ಅಭಿಪ್ರಾಯಪಟ್ಟಿದ್ದಾನೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಉಜ್ಜಿ ಬೆಳಗಿದ ಕಬ್ಬಿಣದಲ್ಲಿ ತುಕ್ಕು ಬಂದರೆ ಕೂಡಲೆ ಕಾಣುವುದು. ತುಕ್ಕಿಲ್ಲದ ಆಯುಧವು ಶಿಸ್ತಿಗೆ ಸಾಕ್ಷಿ. ಶಿಸ್ತುಳ್ಳ ಸೈನ್ಯವನ್ನು ಕಂಡರೆ ಎದುರಾಳಿಗೆ ಅಂಜಿಕೆ. ರಾಜರ ಆಯುಧಶಾಲೆಗಳಲ್ಲಿಯಾದರೋ ಹೊಳಪು ಐಶ್ವರ್ಯದ ಲಕ್ಷಣವೂ ಆಗಿದ್ದಿತು. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ತಯಾರಾದ ಉತ್ತಮ ಬಂದೂಕುಗಳ ಮೇಲೆ ಹುಲಿಯ ಮುಖವನ್ನೂ ಹುಲಿಪಟ್ಟೆಗಳನ್ನೂ ಚಿನ್ನ ಬೆಳ್ಳಿಗಳಿಂದ ರಚಿಸಿದ್ದರು. 1799ರಲ್ಲಿ ಆ ಪಟ್ಟಣವು ಬಿದ್ದ ಮೇಲೆ ಅವುಗಳಲ್ಲಿ ಅನೇಕವು ಸಮುದ್ರವನ್ನು ದಾಟಿ ಹೋದುವು. ವಿದೇಶದ ವಸ್ತುಸಂಗ್ರಹಾಲಯಗಳಲ್ಲಿ ಅವು ಇಂದಿಗೂ ನೋಡುವವರ ಕಣ್ಣನ್ನು ಸೆಳೆಯುತ್ತವೆ. ಹೀಗೆ ಹೊಳಪಿನಿಂದ ನೋಡುವವನಿಗೆ ಬೆರಗು, ಧರಿಸಿದವನಿಗೆ ಗೌರವ. ಆದರೆ ಆಯುಧವನ್ನು ಹಿಡಿದು ಗುರಿಯಿಡುವವನ ಕಣ್ಣಿಗೆ ಅದರಿಂದ ಏನಾಗುವುದೆಂಬುದನ್ನು ಆಗ ಯಾರೂ ಕೇಳಲಿಲ್ಲ.

ಕೇಳದಿರಲು ಕಾರಣವೂ ಇದ್ದಿತು. 18ನೆಯ ಶತಮಾನದ ಯೂರೋಪಿನ ಪದಾತಿಯು ಹಿಡಿಯುತ್ತಿದ್ದ ಬಂದೂಕಿನ ನಳಿಗೆಯ ಒಳಮೈ ನುಣುಪಾದುದು. ಗುಂಡು ಅದಕ್ಕಿಂತ ಸ್ವಲ್ಪ ಚಿಕ್ಕದು. ಹಾರಿಸಿದಾಗ ಗುಂಡು ನಳಿಗೆಯ ಗೋಡೆಗಳಿಗೆ ತಾಗುತ್ತ ತಾಗುತ್ತ ಹೊರಬಿದ್ದು, ಕೊನೆಯಲ್ಲಿ ಯಾವ ಕಡೆಗೆ ತಾಗಿತೋ ಅದಕ್ಕನುಸಾರವಾಗಿ ಓರೆಯಾಗಿ ಹೋಗುವುದು. ನೂರು ಗಜಗಳಾಚೆ ಒಬ್ಬ ಮನುಷ್ಯನಿಗೆ ತಾಗುವುದು ಕಾಕತಾಲೀಯ ನ್ಯಾಯವೇ ಸರಿ. ಆದುದರಿಂದ ಆ ಬಂದೂಕಿಗೆ ಹಿಂದುಗಡೆ ಗುರಿಯ ಕಚ್ಚೇ ಇರಲಿಲ್ಲ. ಮುಂದುಗಡೆ ಸನೀನನ್ನು ಸಿಕ್ಕಿಸುವ ಚಿಕ್ಕ ಉಬ್ಬೊಂದೇ ಗುರಿಯ ಕೆಲಸವನ್ನೂ ಮಾಡುತ್ತಿದ್ದಿತು. ಸಾಲಾಗಿ ನಿಂತವರೆಲ್ಲರೂ ಒಂದೇ ಆಜ್ಞೆಗೆ ಒಟ್ಟಾಗಿ ಹಾರಿಸುವುದೇ ಯುದ್ಧಕ್ರಮ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯು ತನ್ನ ಸೈನ್ಯಕ್ಕಾಗಿ ಮಾಡಿಸಿದ 39 ಅಂಗುಲ ನಳಿಗೆಯ ‘ಇಂಡಿಯಾ ಮಾದರಿ’ಯ ಬಂದೂಕೂ ಈ ಜಾತಿಯದೇ. ಫ್ರೆಂಚರೊಡನೆ ನಡೆದ ಯುದ್ಧದಲ್ಲಿ ಬಂದೂಕುಗಳ ಅಭಾವ ತಲೆದೋರಲು, 1797ರಲ್ಲಿ ಇಂಗ್ಲೆಂಡಿನ ಸರ್ಕಾರವು ಇದೇ ಮಾದರಿಯನ್ನು ತನ್ನ ಸೈನ್ಯಕ್ಕೂ ಅಂಗೀಕರಿಸಿತು. ಇಂತಹ ಬಂದೂಕುಗಳ ನಳಿಗೆಯನ್ನು ಸಿಪಾಯಿಯು ಇಟ್ಟಿಗೆಯ ಪುಡಿ, ಎಣ್ಣೆಗಳಿಂದ ತಿಕ್ಕಿ ಕನ್ನಡಿಯಂತೆ ಇಟ್ಟುಕೊಳ್ಳಬೇಕಾಗಿದ್ದಿತು. ಈ ತಿಕ್ಕಾಟದಲ್ಲಿ ದಿನದ ಎಷ್ಟೋ ಹೊತ್ತು ಕಳೆಯುವುದಲ್ಲದೆ, ವರ್ಷಗಳು ಉರುಳಿದಂತೆ ನಳಿಗೆಯ ಲೋಹವೇ ಸವೆಯುವುದು. ಆಯುಧವನ್ನು ಕಾಪಾಡಬೇಕಾದ ಕ್ರಮವೇ ಆಯುಧವನ್ನು ತಿನ್ನುತ್ತಿದ್ದಿತು.

ಈ ಪದ್ಧತಿಗೆ ಮೊದಲ ಪೆಟ್ಟು ಬಿದ್ದುದು ಅಮೆರಿಕದ ಅರಣ್ಯಗಳಲ್ಲಿ. ಆಂಗ್ಲರಿಗೂ ಫ್ರೆಂಚರಿಗೂ ಅಲ್ಲಿ ಯುದ್ಧ ನಡೆಯುತ್ತಿದ್ದಾಗ, ಬಯಲಿನಲ್ಲಿ ಸಾಲುಗಟ್ಟಿ ನಿಲ್ಲಲು ಕಲಿತಿದ್ದ ಸೈನ್ಯವು ಮರಗಳ ಮರೆಯಿಂದ ಬರುವ ಗುಂಡುಗಳಿಗೆ ಈಡಾಗಬೇಕಾಯಿತು. ಎಲೆಗಳ ನಡುವಿನಿಂದ ಇಳಿದ ಬಿಸಿಲಿನ ಒಂದು ಕೋಲು ಬೆಳಗಿದ ನಳಿಗೆಯ ಮೇಲೆ ಬಿದ್ದರೆ ಸಾಕು, ಬಹುದೂರದ ಶತ್ರುವಿಗೂ ಅದು ಕೈಬೀಸಿ ಕರೆದಂತಾಗುವುದು. 1758ರಲ್ಲಿ ಲಾರ್ಡ್ ಹೋ ಎಂಬ ತರುಣ ಸೇನಾನಿಯು ಕಾಡುಯುದ್ಧದ ಅನುಭವವುಳ್ಳವರಿಂದ ಪಾಠ ಕಲಿತು, ಸೈನಿಕರ ಅಂಗಿಗಳನ್ನು ಮೊಟಕುಮಾಡಿಸಿ, ಕೂದಲನ್ನು ಗಿಡ್ಡವಾಗಿ ಕತ್ತರಿಸಿಸಿ, ಬೇಡದ ಹೊರೆಯನ್ನು ಬಿಡಿಸಿದುದಲ್ಲದೆ, ಬಂದೂಕಿನ ನಳಿಗೆಗಳನ್ನೂ ಕಂದುಗಪ್ಪಾಗಿ ಮಾಡಿಸಿದನು. ಅಧಿಕಾರಿಯಾದ ತಾನೂ ಅದೇ ವೇಷವನ್ನು ತೊಟ್ಟನು. ಅದೇ ವರ್ಷದ ಜುಲೈ 6ರಂದು ಟಿಕಾಂಡರೋಗದ ಬಳಿಯ ಕಾಡಿನ ಕಾಳಗದಲ್ಲಿ ಅವನು ಮಡಿದನು. ಅವನ ಸುಧಾರಣೆಯು ಕಾಡಿನ ಯುದ್ಧಕ್ಕೆ ಮಾತ್ರ ತಕ್ಕುದೆಂದು ಎಣಿಸಲ್ಪಟ್ಟಿತು. ಇತರ ದಂಡುಗಳಲ್ಲಿ ಇಟ್ಟಿಗೆಯ ಪುಡಿ ಮತ್ತೆ ಮೆರೆಯಿತು.

ಎರಡನೆಯ ಪೆಟ್ಟು ಕೊಟ್ಟುದು ರೈಫಲ್ ಎಂಬ ಬಂದೂಕು. ಇದರ ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದಿರುವರು. ಗುಂಡು ಆ ಗೀರುಗಳನ್ನು ಹಿಡಿದು ಬುಗುರಿಯಂತೆ ತಿರುಗುತ್ತ ಹೊರಡುವುದರಿಂದ ದಾರಿ ತಪ್ಪದು. ‘ಗನ್ನರಿಯ ಹೊಸ ತತ್ತ್ವಗಳು’ ಎಂಬ ಗ್ರಂಥವನ್ನು 1742ರಲ್ಲಿ ಪ್ರಕಟಿಸಿದ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞನು, ಈ ಜಾತಿಯ ನಳಿಗೆಯನ್ನು ಚೆನ್ನಾಗಿ ಬಳಸಲು ಕಲಿತ ರಾಷ್ಟ್ರವು ಇತರರಿಗಿಂತ ಮೇಲಾಗುವುದೆಂದು ಮುಂದೆ ಹೇಳಿದ್ದನು. 1800ರಲ್ಲಿ ಇಂಗ್ಲೆಂಡಿನಲ್ಲಿ ರೈಫಲ್ ದಳವೊಂದು ಏರ್ಪಟ್ಟು, ಎಜಿಕೀಲ್ ಬೇಕರ್ ಎಂಬ ಶಿಲ್ಪಿಯ ರೈಫಲ್ಲು ಅದಕ್ಕೆ ಆಯುಧವಾಯಿತು. ದಳದವರ ಉಡುಪು ಕೆಂಪಲ್ಲ, ಕಡುಹಸುರು. ರೈಫಲ್ಲಿನ ನಳಿಗೆ ಬಿಳಿದಲ್ಲ, ಕಂದು. ಒಬ್ಬೊಬ್ಬನೂ ಮರೆಯನ್ನು ಹಿಡಿದು, ತಾನೇ ಗುರಿಯನ್ನು ಆರಿಸಿ ಹೊಡೆಯುವುದು ಇವರ ಕ್ರಮ. 1809ರ ಜನವರಿಯಲ್ಲಿ ಸ್ಪೆಯಿನಿನ ಕಾಕಾಬೆಲೋಸ್ ಎಂಬಲ್ಲಿ ಈ ದಳದ ಟಾಮಸ್ ಪ್ಲಂಕೆಟ್ ಎಂಬ ಸಾಮಾನ್ಯ ಸೈನಿಕನು ಫ್ರೆಂಚ್ ಸೇನಾನಿ ಕೋಲ್ಬೇರನನ್ನು ದೂರದಿಂದ ಹೊಡೆದುರುಳಿಸಿದುದು ಯುದ್ಧಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಕಡೆಗೆ 1815ರಲ್ಲಿ ಬ್ರಿಟಿಷ್ ಸೈನ್ಯದ ಸಾಮಾನ್ಯ ಬಂದೂಕುಗಳ ನಳಿಗೆಗಳನ್ನೂ ಕಂದು ಬಣ್ಣಕ್ಕೆ ತರಬೇಕೆಂದು ಆಜ್ಞೆಯಾಯಿತು. ಲಾರ್ಡ್ ಹೋ ಮಡಿದು ಅಷ್ಟರಲ್ಲಿ 57 ವರ್ಷಗಳು ಕಳೆದಿದ್ದುವು. ಆ ಬಂದೂಕಿಗೆ ‘ಬ್ರೌನ್ ಬೆಸ್’ ಎಂಬ ಅಡ್ಡಹೆಸರಿದ್ದುದನ್ನು ನೋಡಿ, ಕಂದು ನಳಿಗೆಯಿಂದಲೇ ಆ ಹೆಸರು ಬಂದಿತೆಂದು ಊಹಿಸುವವರುಂಟು. ಆದರೆ 18ನೆಯ ಶತಮಾನದಲ್ಲಿ, ನಳಿಗೆಯು ಬೆಳ್ಳಗೆ ಹೊಳೆಯುತ್ತಿದ್ದಾಗಲೇ, ಆ ಹೆಸರು ಬಳಕೆಯಲ್ಲಿದ್ದಿತು; ಆದುದರಿಂದ ಆ ಊಹೆಯು ನಿಲ್ಲಲಾರದು.

ಕಂದು ಬಣ್ಣವನ್ನು ಬರಿಸುವ ಕ್ರಮವು ಕುತೂಹಲಕರವಾದುದು. ಅದು ಹೊರಗಿನಿಂದ ಬಳಿದ ಬಣ್ಣವಲ್ಲ, ಕಬ್ಬಿಣದ ತುಕ್ಕೇ. ನಳಿಗೆಯ ಎಣ್ಣೆಯ ಅಂಶವನ್ನೆಲ್ಲ ತೆಗೆದು, ಆಮ್ಲಲವಣಗಳ ತೆಳುವಾದ ದ್ರಾವಣವನ್ನು ಸವರಿ ತೇವವಾದ ಗಾಳಿಯಲ್ಲಿಟ್ಟರೆ, ಮೇಲೆ ಸಣ್ಣಗೆ ತುಕ್ಕು ಹಿಡಿಯುವುದು. ಸಡಿಲವಾದ ತುಕ್ಕನ್ನು ಕುಂಚದಿಂದ ಉಜ್ಜಿ ತೆಗೆದು, ಮತ್ತೆ ದ್ರಾವಣವನ್ನು ಸವರುವರು. ಹೀಗೆ ಹಲವು ಬಾರಿ ಮಾಡಿದ ಮೇಲೆ ಕಬ್ಬಿಣಕ್ಕೆ ಕಚ್ಚಿಕೊಂಡ ತೆಳುವಾದ ಪೊರೆಯೊಂದು ಉಳಿಯುವುದು. ಆಮೇಲೆ ಕುದಿಯುವ ನೀರಿನಿಂದ ತೊಳೆದು ತುಕ್ಕಿನ ಬೆಳವಣಿಗೆಯನ್ನು ನಿಲ್ಲಿಸಿ ಎಣ್ಣೆ ಹಚ್ಚುವರು. ಪ್ರತಿಯೊಂದು ಸಲವೂ ನಳಿಗೆಯನ್ನು ಕುದಿಯುವ ನೀರಿನಲ್ಲಿ ಅದ್ದಿದರೆ ಕೆಂಪು ತುಕ್ಕು ಕರಿಯ ಆಕ್ಸೈಡಾಗಿ ಮಾರ್ಪಟ್ಟು, ನೀಲಿಗಪ್ಪು ಬಣ್ಣವು ದೊರೆಯುವುದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವಂತೆ, ತುಕ್ಕಿನಿಂದಲೇ ತುಕ್ಕನ್ನು ತಡೆಯುವ ಉಪಾಯವಿದು. ಮುಂದೆ 1857ರ ದಂಗೆಗೆ ನಿಮಿತ್ತವಾದ ತೋಟೆಗಳಿಂದ ಭರತಖಂಡದಲ್ಲೆಲ್ಲ ಹೆಸರಾದ 1853ರ ಎನ್‌ಫೀಲ್ಡ್ ಬಂದೂಕಿನ ನಳಿಗೆಯು ಇಂತಹ ನೀಲಿಗಪ್ಪು ಬಣ್ಣದ್ದು.

ಇಲ್ಲಿಯವರೆಗಿನ ಚರಿತ್ರೆಯು ಶತ್ರುವಿನ ಕಣ್ಣನ್ನು ತಪ್ಪಿಸಿಕೊಳ್ಳುವ ಚರಿತ್ರೆ. ಆದರೆ ಹೊಳಪಿನಿಂದಾಗುವ ಇನ್ನೊಂದು ಕೆಡುಕು ಇದಕ್ಕಿಂತ ಸೂಕ್ಷ್ಮವಾದುದು. ಅದು ಗುರಿಯಿಡುವವನ ಸ್ವಂತ ಕಣ್ಣಿಗೇ ಆಗುವ ವಂಚನೆ. ರೈಫಲ್ಲಿನ ನಳಿಗೆಯ ತುದಿಯಲ್ಲಿ ನೆಟ್ಟಗೆ ನಿಂತ ಒಂದು ಚಿಕ್ಕ ತಗಡು ಇರುವುದು. ಇದನ್ನು ಮುಂಗುರಿ ಎನ್ನಬಹುದು. ಕಣ್ಣಿನ ಸಮೀಪದಲ್ಲಿ ಕಚ್ಚುಳ್ಳ ಅಥವಾ ರಂಧ್ರವುಳ್ಳ ಇನ್ನೊಂದು ತಗಡು ಇರುವುದು, ಇದು ಹಿಂಗುರಿ. ಹಿಂಗುರಿಯ ಕಚ್ಚಿನ ನಟ್ಟನಡುವೆ ಮುಂಗುರಿಯನ್ನು ನಿಲ್ಲಿಸಿ, ಅದರ ತುದಿಯನ್ನು ಲಕ್ಷ್ಯಕ್ಕೆ ಸೇರಿಸಬೇಕು. ದ್ರೋಣಾಚಾರ್ಯರ ಪರೀಕ್ಷೆಯಲ್ಲಿ ಅರ್ಜುನನು ಹಕ್ಕಿಯ ತಲೆಯೊಂದನ್ನಲ್ಲದೆ ಬೇರೇನನ್ನೂ ಕಾಣಲಿಲ್ಲವೆಂಬ ಕಥೆಯನ್ನು ಎಲ್ಲರೂ ಬಲ್ಲರು. ಇಂತಹ ಬಂದೂಕಿನವನಿಗೆ ಆ ಉಪದೇಶವನ್ನು ತುಸು ತಿದ್ದಿ ಹೇಳಬೇಕಾಗುವುದು. ಮನುಷ್ಯನ ಕಣ್ಣು ಒಂದೇ ಕಾಲದಲ್ಲಿ ಹತ್ತಿರದ ವಸ್ತುವನ್ನೂ ದೂರದ ವಸ್ತುವನ್ನೂ ಸ್ಪಷ್ಟವಾಗಿ ಕಾಣಲಾರದು. ಲಕ್ಷ್ಯವು ಸ್ವಲ್ಪ ಮಸುಕಾದರೂ ಚಿಂತೆಯಿಲ್ಲ, ಮುಂಗುರಿಯು ಮಾತ್ರ ಗೀಟೆಳೆದಂತೆ ತೀಕ್ಷ್ಣವಾಗಿ ಕಾಣಬೇಕೆಂಬುದು ಈ ವಿದ್ಯೆಯ ಮೊದಲ ಪಾಠ.

ಈಗ ಆ ಮುಂಗುರಿಯು ಹೊಳೆಯುವ ಲೋಹದ್ದೆಂದೂ, ಬಲಗಡೆಯಿಂದ ಬಿಸಿಲು ಬೀಳುತ್ತಿದೆಯೆಂದೂ ಭಾವಿಸಿಕೊಳ್ಳಬೇಕು. ತಗಡಿನ ಬಲಪಾರ್ಶ್ವವು ಕೋರೈಸುವುದು. ಎಡಪಾರ್ಶ್ವವು ನೆರಳಿನಲ್ಲಿ ಅಡಗುವುದು. ಕಣ್ಣು ತನಗರಿವಿಲ್ಲದೆಯೇ ಹೊಳೆಯುವ ಭಾಗವನ್ನೇ ಇಡೀ ಮುಂಗುರಿಯೆಂದು ತಿಳಿದು, ಅದನ್ನು ಕಚ್ಚಿನ ನಡುವಿಗೆ ತರುವುದು. ಆಗ ನಿಜವಾದ ಮುಂಗುರಿಯು ಎಡಕ್ಕೆ ಸರಿದಿರುವುದು. ಗುಂಡೂ ಎಡಕ್ಕೇ ಹೋಗುವುದು. ಬಿಸಿಲು ಎಡದಿಂದ ಬಂದರೆ ಗುಂಡು ಬಲಕ್ಕೆ. ಉತ್ತರಾಭಿಮುಖವಾಗಿ ಹೊಡೆಯುವವನ ಗುಂಡುಗಳು ಬೆಳಿಗ್ಗೆ ಒಂದು ಕಡೆಗೂ ಸಂಜೆ ಇನ್ನೊಂದು ಕಡೆಗೂ ಸರಿಯುವುದಕ್ಕೆ ಇದೇ ಕಾರಣ. ಅವನ ಕೈ ನಡುಗಿಲ್ಲ, ಬಂದೂಕು ಕೆಟ್ಟಿಲ್ಲ, ಗಾಳಿಯೂ ಬೀಸಿಲ್ಲ, ಬೆಳಕೇ ಸುಳ್ಳುಹೇಳಿದೆ. ಈ ಸುಳ್ಳಿನ ಪ್ರಮಾಣವನ್ನೂ ಲೆಕ್ಕ ಹಾಕಬಹುದು. ಮುಂಗುರಿ ಹಿಂಗುರಿಗಳ ನಡುವೆ 500 ಮಿಲಿಮೀಟರ್ ಅಂತರವಿರುವ ರೈಫಲ್ಲಿನಲ್ಲಿ ಮುಂಗುರಿಯು ಕಾಲು ಮಿಲಿಮೀಟರಿನಷ್ಟು ಓರೆಯಾದರೆ, 100 ಮೀಟರ್ ದೂರದಲ್ಲಿ ಗುಂಡು 50 ಮಿಲಿಮೀಟರ್ ತಪ್ಪುವುದು. 300 ಮೀಟರ್ ದೂರದಲ್ಲಿ 150 ಮಿಲಿಮೀಟರ್, ಎಂದರೆ ಸುಮಾರು ಅರ್ಧ ಅಡಿ. ಒಂದೆರಡು ಕೂದಲೆಳೆಗಳಷ್ಟು ಅಗಲದ ಮಿನುಗು ಗೆಲ್ಲುವವನನ್ನು ಸೋಲಿಸಲು ಸಾಕು.

ಹಾಗಾದರೆ ಮುಂಗುರಿಗೆ ಕರಿಯ ಬಣ್ಣವನ್ನು ಬಳಿದರಾಯಿತಲ್ಲ ಎಂದು ಕೇಳಬಹುದು. ಇಲ್ಲಿಯೇ ಮುಖ್ಯವಾದ ಭೇದವಿರುವುದು: ಕಪ್ಪು ಬೇರೆ, ಮಂಕು ಬೇರೆ. ನುಣ್ಣಗೆ ಮೆರುಗಿಟ್ಟ ಕರಿಯ ಅರಗಿನ ಪೆಟ್ಟಿಗೆಯೂ ಕರಿಯದೇ; ಆದರೂ ಅದರಲ್ಲಿ ಕಿಟಕಿಯ ಪ್ರತಿಬಿಂಬವು ಕಾಣುವುದು. ನುಣುಪಾದ ಮೆರುಗಿನ ಮೇಲ್ಮೈಯು, ಅಡಿಯ ಬಣ್ಣ ಯಾವುದೇ ಆಗಿರಲಿ, ಎದುರಿಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಹಿಂದಿರುಗಿಸುವುದು. ಸೂರ್ಯನ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲೆಂದರೆ ಕಣ್ಣು ಕೋರೈಸಲು ಧಾರಾಳವಾಯಿತು. ಆದುದರಿಂದ ಬೆಳಕನ್ನು ಕುಡಿಯುವ ಬಣ್ಣವೂ ಬೇಕು, ಉಳಿದ ಅಲ್ಪಾಂಶವನ್ನು ಚದುರಿಸುವ ಒರಟುತನವೂ ಬೇಕು. ಈ ಎರಡು ಗುಣಗಳೂ ಸಹಜವಾಗಿ ಕೂಡಿರುವ ಪದಾರ್ಥವು ದೀಪದ ಕಾಡಿಗೆ. ಕಾಡಿಗೆಯೆಂದರೆ ಇಂಗಾಲದ ಅತಿ ಸೂಕ್ಷ್ಮವಾದ ಕಣಗಳ ಸಡಿಲವಾದ ರಾಶಿ. ಬೆಳಕು ಅದರ ಸಂದುಗಳೊಳಗೆ ನುಗ್ಗಿ, ಕಣದಿಂದ ಕಣಕ್ಕೆ ತಾಗುತ್ತ ಹೋಗುವುದು. ಒಂದೊಂದು ಬಾರಿ ತಾಗಿದಾಗಲೂ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುವುದೆಂದಿಟ್ಟುಕೊಂಡರೆ, ಎರಡನೆಯ ಬಾರಿಗೆ ನೂರರಲ್ಲಿ ಒಂದು, ಮೂರನೆಯ ಬಾರಿಗೆ ಸಾವಿರದಲ್ಲಿ ಒಂದು ಪಾಲು ಉಳಿಯುವುದು. ಹೊರಗೆ ಬರುವುದರೊಳಗೆ ಬೆಳಕು ಬಹುಮಟ್ಟಿಗೆ ಮುಗಿದೇಹೋಗುವುದು. ತಮಸ್ಸೆಂಬುದು ತೇಜಸ್ಸಿನ ಅಭಾವವೇ ಹೊರತು ಪ್ರತ್ಯೇಕ ದ್ರವ್ಯವಲ್ಲವೆಂದು ವೈಶೇಷಿಕರೂ, ಅದು ದ್ರವ್ಯವೇ ಎಂದು ಭಾಟ್ಟ ಮೀಮಾಂಸಕರೂ ವಾದಿಸಿದ್ದುಂಟು. ಕಾಡಿಗೆಯನ್ನು ನೋಡಿದರೆ ಇಬ್ಬರಿಗೂ ಸ್ವಲ್ಪ ಸಮಾಧಾನವಾಗಬಹುದು: ಅದರ ಕಪ್ಪು ಬೆಳಕಿನ ಅಭಾವವೇ, ಆದರೆ ಆ ಅಭಾವವನ್ನುಂಟುಮಾಡಲು ದ್ರವ್ಯವೊಂದು ಅವಶ್ಯ.

ಈ ಕಾಡಿಗೆಯು ರಣರಂಗಕ್ಕಿಂತ ಹೆಚ್ಚಾಗಿ ಪಂದ್ಯದ ಬಯಲಿನಲ್ಲಿಯೇ ಬಂದೂಕಿನ ಗೆಳತಿಯಾಯಿತು. ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ರೈಫಲ್ ಸಂಘವು ಏರ್ಪಟ್ಟ ಮೇಲೆ, 1860ರ ಜುಲೈ 2ರಂದು ವಿಂಬಲ್ಡನ್ ಬಯಲಿನಲ್ಲಿ ಮೊದಲ ಪಂದ್ಯಗಳು ನಡೆದುವು. ಯಂತ್ರಪೀಠದಲ್ಲಿ ಬಿಗಿದಿದ್ದ ವಿಟ್‌ವರ್ತ್ ರೈಫಲ್ಲಿನ ಕೀಲಿಗೆ ಕಟ್ಟಿದ್ದ ರೇಷ್ಮೆಯ ದಾರವನ್ನು ವಿಕ್ಟೋರಿಯ ರಾಣಿಯು ಎಳೆಯಲು, 400 ಗಜ ದೂರದ ಲಕ್ಷ್ಯದಲ್ಲಿ ಗುಂಡು ನಡುಬಿಂದುವಿನಿಂದ ಒಂದೂಕಾಲು ಅಂಗುಲದೊಳಗೆ ನಾಟಿತು. ಪೀಠದ ಮೇಲಿನ ರೈಫಲ್ಲಿಗೆ ಕಣ್ಣಿಲ್ಲ. ಆದುದರಿಂದ ಅದನ್ನು ಬಿಸಿಲು ವಂಚಿಸಲಾರದು. ಆಯುಧವು ಅಷ್ಟು ನಿಖರವಾಗಿದೆಯೆಂದು ಸಿದ್ಧವಾದ ಮೇಲೆ, ಉಳಿದ ದೋಷವೆಲ್ಲ ಮನುಷ್ಯನ ಕಣ್ಣಿನದೂ ಗುರಿಯದೂ ಎಂಬುದು ತಾನಾಗಿಯೇ ಹೊರಬಿದ್ದಿತು. 1874ರ ಸೆಪ್ಟೆಂಬರ್ 26ರಂದು ಅಮೆರಿಕದ ಕ್ರೀಡ್ಮೂರಿನಲ್ಲಿ ಐರ್ಲೆಂಡಿನವರಿಗೂ ಅಮೆರಿಕದವರಿಗೂ ನಡೆದ ಪಂದ್ಯದಲ್ಲಿ ಅಮೆರಿಕದವರು 934ಕ್ಕೆ 931ರಂತೆ ಗೆದ್ದರು. ದಿನವೆಲ್ಲ ನಡೆದ ಪಂದ್ಯದಲ್ಲಿ ಮೂರೇ ಅಂಕಗಳ ವ್ಯತ್ಯಾಸ! ಇಂತಹ ಸ್ಪರ್ಧೆಗಳಲ್ಲಿ ಮಿನುಗೊಂದನ್ನು ಅಲಕ್ಷ್ಯಮಾಡುವವರು ಯಾರು? ಮುಂಗುರಿಯನ್ನು ಚಿಕ್ಕ ಕೊಳವೆಯೊಳಗೆ ನೆರಳಿನಲ್ಲಿಡುವ ಕ್ರಮವು ದೂರದ ಲಕ್ಷ್ಯಗಳನ್ನು ಹೊಡೆಯುವವರಲ್ಲಿ ಬಳಕೆಗೆ ಬಂದಿತು.

ಕೊಳವೆಯಿಲ್ಲದ ಸೈನಿಕ ರೈಫಲ್ಲಿನವರು ಮಸಿಯನ್ನೇ ಆಶ್ರಯಿಸಿದರು. ಮೇಣದ ಬತ್ತಿ, ಸೀಮೆಯೆಣ್ಣೆಯ ದೀಪ, ಕರ್ಪೂರ, ಇವುಗಳಲ್ಲಿ ಯಾವುದಾದರೊಂದರ ಹೊಗೆಯ ಮೇಲೆ ಗುರಿಯನ್ನು ಒಂದು ಕ್ಷಣ ಹಿಡಿಯುವುದು. ಕರ್ಪೂರದ ಗುಣವನ್ನು ಕನ್ನಡ ನಾಡಿನ ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಮಂಗಳಾರತಿಯ ತಟ್ಟೆಯನ್ನು ಬೆಳಗುವವರಿಗೆ ಅದರ ಮಸಿಯ ಗಾಢತೆಯು ಗೊತ್ತೇ ಇದೆ. 1892ರಲ್ಲಿ ಕ್ಯಾಲ್ಸಿಯಂ ಕಾರ್ಬೈಡನ್ನು ವಿದ್ಯುತ್ ಕುಲುಮೆಯಲ್ಲಿ ಸುಲಭವಾಗಿ ತಯಾರಿಸುವ ವಿಧಾನವು ತಿಳಿದುಬಂದ ಮೇಲೆ, ಅದರ ಮೇಲೆ ನೀರಿನ ಹನಿ ಬಿದ್ದು ಹೊರಡುವ ಅಸಿಟಿಲೀನ್ ಅನಿಲದ ದೀಪಗಳು ಗಣಿಗಳಲ್ಲಿಯೂ ಬಂಡಿಗಳಲ್ಲಿಯೂ ಹರಡಿದುವು. ಈ ಅನಿಲಕ್ಕೆ ಸಾಕಷ್ಟು ಗಾಳಿ ದೊರೆಯದಿದ್ದರೆ ದಟ್ಟವಾದ ಕರಿಹೊಗೆ ಏಳುವುದು. ಗಣಿಯವನಿಗೆ ದೋಷವಾದ ಈ ಹೊಗೆಯೇ ಗುರಿಕಾರನಿಗೆ ಗುಣವಾಯಿತು. 1907ರಿಂದ ಕ್ಯಾಂಪ್ ಪೆರಿಯಲ್ಲಿ ನಡೆಯತೊಡಗಿದ ಅಮೆರಿಕದ ರಾಷ್ಟ್ರೀಯ ಪಂದ್ಯಗಳಲ್ಲಿ ಕಾರ್ಬೈಡ್ ದೀಪವು ಗುರಿಕಾರರ ಪೆಟ್ಟಿಗೆಯ ಒಂದು ಸಾಮಾನಾಯಿತು. ಹೀಗೆ ಮಸಿ ಹಿಡಿಯುವುದಕ್ಕೂ ಒಂದು ವಿಧಿಯುಂಟು. ಲೋಹದ ಮೇಲೆ ಎಣ್ಣೆಯ ಪಸೆ ಇರಕೂಡದು. ಇದ್ದರೆ ಮಸಿಯು ನೆನೆದು ಹೊಳೆಯುವುದು. ಪೊರೆಯು ತೆಳುವಾಗಿಯೂ ಸಮವಾಗಿಯೂ ಇರಬೇಕು. ದಪ್ಪವಾದರೆ ಮುಂಗುರಿಯ ಅಂಚು ಕೆಡುವುದು. ಹಿಡಿದ ಮೇಲೆ ಬೆರಳು ತಾಗಿಸಕೂಡದು. ಮಳೆಯ ಹನಿಗೂ ಬಟ್ಟೆಯ ಸೋಕಿಗೂ ಅದು ನಿಲ್ಲಲಾರದು. ಅಳಿಸಿಹೋದರೆ ಮತ್ತೆ ಹಿಡಿಯಬೇಕು.

ಪಂದ್ಯದವನಿಗೆ ಮತ್ತೆ ಮತ್ತೆ ಮಸಿ ಹಿಡಿಯಲು ಅವಕಾಶವುಂಟು. ಯೋಧನಿಗೆ ಆ ಅವಕಾಶವೆಲ್ಲಿ? ಅವನಿಗೆ ಅಳಿಯದ ಮಂಕು ಬೇಕಾಗಿದ್ದಿತು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧವು ಇದನ್ನು ಕಟುವಾಗಿ ಕಲಿಸಿತು. ಬೋಯರ್ ಬೇಸಾಯಗಾರರು ಬಂಡೆಗಳ ಮರೆಯಲ್ಲಿ ಕುಳಿತು ಬಹುದೂರದಿಂದ ಗುರಿ ತಪ್ಪದೆ ಹೊಡೆಯುತ್ತಿದ್ದರು. ಬ್ರಿಟಿಷ್ ಅಧಿಕಾರಿಗಳು ಹೊಳೆಯುವ ಕತ್ತಿಗಳನ್ನು ಬದಿಗಿಟ್ಟು ಸಾಮಾನ್ಯ ಸೈನಿಕರಂತೆ ರೈಫಲ್ಲನ್ನು ಹಿಡಿದರು; ಗುಂಡಿಗಳ ಹೊಳಪನ್ನು ಮುಚ್ಚಿದರು. ಅವರ ಮೈಮೇಲಿದ್ದ ಖಾಕಿಯು ಭರತಖಂಡದ ವಾಯವ್ಯ ಗಡಿಯಲ್ಲಿ ಹುಟ್ಟಿದ ಉಡುಪು. ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಗೂ ಈ ಮಂಕುಬಣ್ಣದ ಚರಿತ್ರೆಯಲ್ಲಿ ಸ್ಥಾನವಿದೆ. 19ನೆಯ ಶತಮಾನದ ನಡುಗಾಲದಲ್ಲಿ ಅಲ್ಲಿದ್ದ ಹಾಲರ್ ಎಂಬ ನೇಯ್ಗೆಯ ನಿಪುಣನು ಖಾಕಿಯ ಬಣ್ಣವನ್ನು ಸಿದ್ಧಪಡಿಸಿದನೆಂದು ಖ್ಯಾತಿಯುಂಟು. ಬಟ್ಟೆಯು ಮಣ್ಣಿನ ಬಣ್ಣಕ್ಕೆ ಇಳಿದ ಮೇಲೆ ಉಕ್ಕು ಮಾತ್ರ ಹೊಳೆಯುತ್ತಿರುವುದು ಉಚಿತವೆ?

ಉಕ್ಕಿಗೆ ಆ ಗುಣವನ್ನು ಕೊಟ್ಟುದು ರಸಾಯನಶಾಸ್ತ್ರ. 1906ರಲ್ಲಿ ಕಾಸ್ಲೆಟ್ ಎಂಬ ಆಂಗ್ಲೇಯನು, ಕಬ್ಬಿಣದ ಸಾಮಾನುಗಳನ್ನು ಫಾಸ್ಫಾರಿಕ್ ಆಮ್ಲದ ಬಿಸಿಯಾದ ದ್ರಾವಣದಲ್ಲಿ ಅದ್ದಿ ತುಕ್ಕು ಹಿಡಿಯದಂತೆ ಮಾಡುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ಇದನ್ನು ಬೆಳಸಿ, 1915ರಲ್ಲಿ ಅಮೆರಿಕದಲ್ಲಿ ಪಾರ್ಕರ್ ಎಂಬವರು ಕಂಪೆನಿಯೊಂದನ್ನು ಸ್ಥಾಪಿಸಿದರು. ಅವರ ಹೆಸರಿನಿಂದ ಈ ಕ್ರಮಕ್ಕೆ ‘ಪಾರ್ಕರೈಸಿಂಗ್’ ಎಂಬ ಹೆಸರು ಬಂದಿತು. ಮೊದಲನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ರೈಫಲ್ಲುಗಳಿಗೂ, ಎರಡನೆಯ ಮಹಾಯುದ್ಧದಲ್ಲಿ ಗ್ಯಾರಂಡ್ ರೈಫಲ್ಲುಗಳಿಗೂ ಇದನ್ನು ಉಪಯೋಗಿಸಿದರು. ಈ ಪೊರೆಯು ಫಾಸ್ಫೇಟಿನ ಸಣ್ಣ ಸಣ್ಣ ಹರಳುಗಳಿಂದಾದುದು. ಹರಳುಗಳ ಒರಟುತನದಿಂದ ಬೆಳಕು ಚದುರುವುದು. ಅವುಗಳ ಸಂದುಗಳಲ್ಲಿ ಎಣ್ಣೆಯು ನಿಂತು ಲೋಹವನ್ನು ಕಾಪಾಡುವುದು. ನೋಡುವುದಕ್ಕೆ ಬೂದುಬಣ್ಣದ, ಸೌಂದರ್ಯವಿಲ್ಲದ ಈ ಪೊರೆಯು ಇಟ್ಟಿಗೆಯ ಪುಡಿಯ ಕಾಲವನ್ನು ಕೊನೆಗಾಣಿಸಿತು. ರಸಾಯನವಿಲ್ಲದೆ ಬರಿಯ ಉಳಿಯಿಂದಲೂ ಇದೇ ಫಲವನ್ನು ಪಡೆಯುವುದುಂಟು. ಜೋಡಿನಳಿಗೆಯ ಬಂದೂಕುಗಳಲ್ಲಿ ಎರಡು ನಳಿಗೆಗಳ ನಡುವಣ ಪಟ್ಟಿಯ ಮೇಲೆ ಒತ್ತಾಗಿ ಕೊರೆದ ಗೆರೆಗಳು ಅಲಂಕಾರಕ್ಕಲ್ಲ. ಗುರಿಯಿಡುವವನ ದೃಷ್ಟಿಯು ಜಾರುವ ದಾರಿಯಲ್ಲಿ ಮಿನುಗಿರಬಾರದೆಂದು ಕೊರೆದವು. ಎರಡನೆಯ ಮಹಾಯುದ್ಧದ ಜರ್ಮನ್ ಮೌಸರ್ ರೈಫಲ್ಲಿನ ಮುಂಗುರಿಯ ಮೇಲೆ ಕಮಾನಿನಂತಹ ತಗಡಿನ ಮುಸುಕಿದ್ದುದೂ ಪೆಟ್ಟಿನಿಂದ ರಕ್ಷಣೆ, ಬಿಸಿಲಿನಿಂದ ನೆರಳು ಎಂಬ ಎರಡು ಪ್ರಯೋಜನಗಳಿಗಾಗಿ.

ಇಷ್ಟರಿಂದ ಕಪ್ಪೇ ಸರ್ವತ್ರ ಶ್ರೇಷ್ಠವೆಂದು ನಿರ್ಣಯಿಸುವುದೂ ತಪ್ಪಾಗುವುದು. ಬಿಳಿಯ ಲಕ್ಷ್ಯದ ಮೇಲೆ ಎದ್ದು ಕಾಣುವ ಕರಿಯ ಮುಂಗುರಿಯು ಮುಸ್ಸಂಜೆಯ ಕಾಡಿನಲ್ಲಿ, ಕರಿಯ ಪ್ರಾಣಿಯ ಮೈಮೇಲೆ, ಕಾಣದೆಹೋಗುವುದು. ಆದುದರಿಂದಲೇ ಹಿಂದಿನ ಬೇಟೆಗಾರರು ದಂತದ ಅಥವಾ ಚಿನ್ನದ ಚಿಕ್ಕ ಮಣಿಯನ್ನು ಮುಂಗುರಿಗೆ ಕೂಡಿಸುತ್ತಿದ್ದರು. ಮುಂದೆ ರಾತ್ರಿಯ ಕಾವಲಿಗಾಗಿ ತಾನೇ ಬೆಳಗುವ ರೇಡಿಯಂ ಲೇಪವನ್ನೂ ಉಪಯೋಗಿಸಿದರು. ವಿಚಾರಿಸಿ ನೋಡಿದರೆ ಇಲ್ಲಿ ವಿರೋಧವಿಲ್ಲ. ನೋಡತಕ್ಕ ವಸ್ತುವಿಗೂ ಅದರ ಹಿನ್ನೆಲೆಗೂ ಭೇದವು ಸ್ಪಷ್ಟವಾಗಿರಬೇಕು, ಆಕಸ್ಮಿಕವಾದ ಬೆಳಕು ಆ ಭೇದವನ್ನು ಕೆಡಿಸಬಾರದು ಎಂಬುದೊಂದೇ ನಿಯಮ. ಬೀದರಿನ ಕುಶಲಕರ್ಮಿಗಳು ಈ ನಿಯಮವನ್ನು ಕಲೆಯಲ್ಲಿ ಶತಮಾನಗಳಿಂದ ಪಾಲಿಸಿಕೊಂಡು ಬಂದಿದ್ದಾರೆ. ಬಿದರಿಯ ಪಾತ್ರೆಯು ಮುಖ್ಯವಾಗಿ ಸತುವಿನದು. ಅದರಲ್ಲಿ ಬೆಳ್ಳಿಯನ್ನು ಕೂಡಿಸಿದ ಮೇಲೆ, ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಬಿಸಿಯಾಗಿ ಲೇಪಿಸಿದರೆ, ಸತುವಿನ ಮೈಯೆಲ್ಲ ಕಪ್ಪಾಗಿ ಬೆಳ್ಳಿಯು ಮಾತ್ರ ಬೆಳ್ಳಗೆ ಉಳಿಯುವುದು. ಸುತ್ತಲಿನ ಕಪ್ಪು ಮೌನವಾಗಿರುವುದರಿಂದಲೇ ಬೆಳ್ಳಿಯ ಬಳ್ಳಿಯು ಮಾತಾಡುವುದು.

ಇಂದಿನ ಕಾಲದಲ್ಲಿ ಈ ವಿದ್ಯೆಯು ಬಹುಮಟ್ಟಿಗೆ ಕ್ರೀಡೆಯಾಗಿ ಸೌಮ್ಯರೂಪವನ್ನು ತಾಳಿದೆ. 10 ಮೀಟರ್ ಗಾಳಿಬಂದೂಕಿನ ಪಂದ್ಯದಲ್ಲಿ ಲಕ್ಷ್ಯದ ನಡುವಣ ಹತ್ತರ ಚುಕ್ಕೆಯ ವ್ಯಾಸವು ಅರ್ಧ ಮಿಲಿಮೀಟರ್ ಮಾತ್ರ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಇದೇ ಪಂದ್ಯವನ್ನು ಗೆದ್ದು, ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲನೆಯ ಒಲಿಂಪಿಕ್ ಸುವರ್ಣಪದಕವನ್ನು ತಂದರು. ಅಲ್ಲಿಯೂ ಮುಂಗುರಿಯು ಕರಿಯ ಕೊಳವೆಯೊಳಗಿನ ಕರಿಯ ಉಂಗುರವೇ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಶುಚಿಮಾಡಿ, ಅಗ್ನಿಶಿಖೆಯ ಹೂವಿನಿಂದ ಸಿಂಗರಿಸಿ ಪೂಜಿಸುವರು. ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವರು. ಬೆಳಕು ತುಂಬಿದ ಆಕಾಶದತ್ತ ಕೋವಿಯನ್ನೆತ್ತಿದಾಗ ಕಣ್ಣಿಗೆ ಎಷ್ಟು ಶ್ರಮವೆಂಬುದನ್ನು ಆ ನಾಡಿನವರು ಬಲ್ಲರು. ಪೂಜೆಯ ಹೊತ್ತಿಗೆ ಶೃಂಗಾರ, ಗುರಿಯ ಹೊತ್ತಿಗೆ ಮಂಕು, ಎರಡಕ್ಕೂ ಕಾಲವುಂಟು. 2014ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ವಾಂಟಾಬ್ಲಾಕ್ ಎಂಬ ಲೇಪವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 99.965 ಪಾಲನ್ನು ನುಂಗುವುದೆಂದು ಅಳೆದಿದ್ದಾರೆ. ಅದು ಇಂಗಾಲದ ಅತಿ ಸೂಕ್ಷ್ಮವಾದ ನಾಳಗಳ ಕಾಡು. ಬೆಳಕು ಒಳಹೊಕ್ಕು ದಾರಿತಪ್ಪಿ ಮುಗಿಯುವ ತತ್ತ್ವವು ಹರಳೆಣ್ಣೆಯ ದೀಪದ ಕಾಡಿಗೆಯದೇ. ದೂರದರ್ಶಕದ ಕೊಳವೆಯ ಒಳಮೈಯನ್ನು ಮಂಕುಗಪ್ಪಾಗಿ ಮಾಡುವುದೂ, ದುರ್ಬಲವಾದ ನಕ್ಷತ್ರದ ಬೆಳಕನ್ನು ಅಡ್ಡಬೆಳಕು ಕೆಡಿಸದಿರಲೆಂದೇ.

ಒಟ್ಟಿನಲ್ಲಿ ಈ ಚರಿತ್ರೆಯಿಂದ ತಿಳಿದುಬರುವುದಿಷ್ಟು. ಹೊಳಪು ಇತರರು ತನ್ನನ್ನು ನೋಡಲೆಂದು. ಮಸಿಯು ತಾನು ಇತರವನ್ನು ನೋಡಲೆಂದು. ಸೈನ್ಯಗಳು ಮೊದಲನೆಯದನ್ನೇ ಶೌರ್ಯವೆಂದು ಎಣಿಸಿದ್ದ ಕಾಲದಲ್ಲಿ, ಸಿಪಾಯಿಯು ತನ್ನ ಮರಣಕ್ಕೆ ದಾರಿತೋರುವ ದೀಪವನ್ನು ತಾನೇ ದಿನವೂ ಬೆಳಗಿಕೊಳ್ಳುತ್ತಿದ್ದನು. ಅದನ್ನು ಬೆಳಗದಿದ್ದರೆ ಶಿಕ್ಷೆಗೂ ಗುರಿಯಾಗುತ್ತಿದ್ದನು. 1758ರಲ್ಲಿ ಒಬ್ಬ ಸೇನಾನಿಗೆ ತೋರಿದ ಸತ್ಯವು ಆಜ್ಞೆಯಾಗಲು 1815ರವರೆಗೆ ಕಾಯಬೇಕಾಯಿತು. ಸತ್ಯವು ಗಹನವಾಗಿದ್ದುದರಿಂದಲ್ಲ, ಅದು ಸುಂದರವಾಗಿ ಕಾಣದಿದ್ದುದರಿಂದ. ಅಳೆಯುವ ಕೋಲು, ತೂಗುವ ತಕ್ಕಡಿ, ಗುರಿತೋರುವ ತಗಡು ಇವೆಲ್ಲವೂ ತಮ್ಮ ಕಡೆಗೆ ಕಣ್ಣನ್ನು ಸೆಳೆಯದಿದ್ದಾಗಲೇ ತಮ್ಮ ಕೆಲಸವನ್ನು ನೆರವೇರಿಸುತ್ತವೆ. ಮಗುವಿನ ಕಣ್ಣಿಗೆ ತಾಯಿ ಹಚ್ಚುವ ಕಾಡಿಗೆಯನ್ನು ಹಿರಿಯರು ಅಂಜನವೆಂದೂ, ಅಂಜನವು ದೃಷ್ಟಿಯನ್ನು ತಿಳಿಗೊಳಿಸುವುದೆಂದೂ ಹೇಳುತ್ತಿದ್ದರು. ಬಂದೂಕಿನ ಮುಂಗುರಿಗೆ ಹಿಡಿದ ಮಸಿಯ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ.